ತೂಕದಮನೆಯ ಮುಖ

“ಕಲ್ಲುಗೂಟಕ್ಕೆ ತಾಗಿಸ್ಬೇಡಿ, ಒಂದೊಂದಕ್ಕೆ ಹನ್ನೊಂದು ಸಾವಿರ!”

ಶವದ ಗಾಡಿಯ ಡ್ರೈವರ್ ಬ್ರೇಕು ಒತ್ತಿದ. ಹಿಂದೆ ನಿಂತು ಕೈ ಬೀಸುತ್ತಿದ್ದ ಕಾವಲುಗಾರ ಚೌಕದೊಳಗಿನ ಒಂದೊಂದನ್ನೇ ತೋರಿಸಿ ಬೆಲೆ ಹೇಳುತ್ತ ಹೋದ. ನೆಲಕ್ಕೆ ಹಾಸಿದ ಬೂದುಗಲ್ಲು ಚದರಡಿಗೆ ಆರುನೂರು. ಅದರ ಮೇಲೆ ಎಣ್ಣೆ ಸೋರಿದರೆ ದಂಡ ಬೇರೆ. ಬೆಂಚು ಒಂದಕ್ಕೆ ನಲವತ್ತು ಸಾವಿರ. ಯಾರೂ ಮಲಗಬಾರದೆಂದು ನಡುವೆ ಎರಡು ಕಬ್ಬಿಣದ ಕೈ ಇಡಿಸಿದ್ದಕ್ಕೆ ಆರು ಸಾವಿರ ಹೆಚ್ಚು. ಹಡಗಿನಲ್ಲಿ ಬಂದ ಮರಕ್ಕೆ ಎರಡೂವರೆ ಲಕ್ಷ. ಅದು ಬಂದ ಆರನೇ ತಿಂಗಳಿಗೇ ಒಣಗಿ, ಈಗ ಕೊಂಬೆಗಳಿಗೆ ಪ್ಲಾಸ್ಟಿಕ್ ಎಲೆ ಕಟ್ಟಿದ್ದರು. ಎಲೆಯ ಬೆಲೆ ಕಾವಲುಗಾರನಿಗೆ ಗೊತ್ತಿರಲಿಲ್ಲ.

“ನನ್ ಗಾಡಿಗೆ ಎರಡು ಸಾವಿರದ ಇನ್ನೂರು,” ಎಂದ ಡ್ರೈವರ್, ಕಿಟಕಿಯಿಂದ ತಲೆ ಹೊರಗೆ ಹಾಕಿ. “ಕಾಯ್ಸಿದ್ರೆ ಗಂಟೆಗೆ ಮುನ್ನೂರು. ಇಲ್ಲಿ ಎಲ್ಲಕ್ಕಿಂತ ಅಗ್ಗ ಅಂದ್ರೆ ನಾನೇ. ದೇಹ ಎಲ್ಲಿ?”

ಕಾವಲುಗಾರ ಚೌಕದ ಆಚೆ ತುದಿಯ ಕಮಾನಿನತ್ತ ಕೈ ತೋರಿಸಿದ.

ಆ ಕಮಾನು ತೂಕದಮನೆಯದು. ನೂರ ಮೂವತ್ತು ವರ್ಷದ ಕಟ್ಟಡ. ಒಂದು ಕಾಲಕ್ಕೆ ಊರಿಗೆ ಬರುವ ಹತ್ತಿ, ಕಾಳು, ಉಣ್ಣೆ ಎಲ್ಲವೂ ಇಲ್ಲಿ ತೂಗಿಸಿಕೊಂಡೇ ಒಳಗೆ ಹೋಗಬೇಕಿತ್ತು. ಈಗ ಉಳಿದಿರುವುದು ಮುಂದಿನ ಗೋಡೆಯೊಂದೇ. ಅದರ ಬೆನ್ನಿಗೆ ಇಪ್ಪತ್ತೆರಡು ಮಾಳಿಗೆಯ ಎರಡು ಟವರುಗಳು ಎದ್ದಿದ್ದವು. ಗೋಡೆಯ ಮೇಲಿನ ಸಾಲು ಕಿಟಕಿಗಳಲ್ಲಿ ಇಣುಕಿದರೆ ಯಾರದೋ ಸ್ನಾನದ ಮನೆಯ ಪೈಪು, ಕೆಳಗಿನ ಸಾಲಿನಲ್ಲಿ ಕಾರು ಇಳಿಯುವ ಇಳಿಜಾರು. ಕಟ್ಟಡವನ್ನು ತಿಂದು ಮುಖ ಉಳಿಸಿದವರು ಆ ಮುಖಕ್ಕೇ ಹಿತ್ತಾಳೆ ಫಲಕ ಹೊಡೆದು, ‘ಪರಂಪರೆಯನ್ನು ಕಾಪಾಡಿದವರು’ ಎಂದು ತಮ್ಮ ಕಂಪನಿಯ ಹೆಸರು ಬರೆಸಿಕೊಂಡಿದ್ದರು. ಕೋಳಿ ತಿಂದವನು ಪುಕ್ಕವನ್ನು ಟೋಪಿಗೆ ಸಿಕ್ಕಿಸಿಕೊಂಡು, ನಾನು ಕೋಳಿ ಸಾಕಿದವನು ಎಂದು ಹೇಳಿಕೊಂಡ ಹಾಗೆ.

ಕಮಾನಿನ ಹಿಂದೆ, ಟವರುಗಳ ನೆರಳಿನಲ್ಲಿ, ಏಳು ಮನೆಗಳ ಓಣಿ. ಗಾರೆ ಬಳಿಯುತ್ತಿದ್ದ ಗಾರೆಜ್ಜ ಸತ್ತದ್ದು ಅಲ್ಲಿನ ಮೂರನೇ ಮನೆಯಲ್ಲಿ, ಹಿಂದಿನ ದಿನ ಬೆಳಿಗ್ಗೆ, ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ. ಎಂಬತ್ತೊಂದು ವರ್ಷ. ಹಾಸಿಗೆ ಹಿಡಿಯಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗುವ ಅಭ್ಯಾಸ ಅವನಿಗೆ ಇರಲಿಲ್ಲ. ಚಹಾವನ್ನೂ ಪೂರ್ತಿ ಮುಗಿಸಿಯೇ ಹೋಗಿದ್ದ.

ಓಣಿಯಲ್ಲಿ ಅವನ ಮಗಳು ಅಳತೆಯ ಟೇಪು ಹಿಡಿದು ನಿಂತಿದ್ದಳು. ಐವತ್ತೆರಡು ವರ್ಷದ ಗಟ್ಟಿ ಹೆಂಗಸು. ಅವಳ ಕಾಲ ಬಳಿ ಪೆಟ್ಟಿಗೆ: ಆರಡಿ ಎರಡಂಗುಲ ಉದ್ದ, ಎರಡಡಿ ಅಗಲ. ಓಣಿಯಿಂದ ಹೊರಗೆ ಹೋಗಲು ಇದ್ದದ್ದು ಎರಡು ದಾರಿ. ಒಂದು, ಕಮಾನಿನ ಎಂಟಡಿ ಗೇಟು. ಅದಕ್ಕೆ ಬೀಗ. ಅದರ ಪಕ್ಕದಲ್ಲಿ ಕಾರ್ಡು ತೋರಿಸಿದರೆ ಒಬ್ಬೊಬ್ಬರನ್ನೇ ಒಳಗೆ ಬಿಡುವ ತಿರುಗಣೆ. ಇನ್ನೊಂದು, ಜನರೇಟರ್ ಕೋಣೆಯನ್ನು ಸುತ್ತಿಕೊಂಡು ಹೋಗುವ ಸಂದಿ. ಎರಡೂವರೆ ಅಡಿ ಅಗಲ, ನಡುವೆ ಪೈಪು ಚಾಚಿ ಇನ್ನೂ ಕಿರಿದಾದ ಒಂದು ಮೂಲೆ ತಿರುವು.

ಮಗಳು ಸಂದಿಯೊಳಗೆ ಹೋಗಿ ಎರಡು ಸಲ ಅಳೆದು ಬಂದಳು.

“ತಿರುಗಲ್ಲ.”

“ಸ್ವಲ್ಪ ಓರೆ ಮಾಡಿದ್ರೆ?” ಎಂದ ಚಿಕ್ಕಪ್ಪ. ಅವನು ಗಾರೆಜ್ಜನ ತಮ್ಮ, ಕೊನೆಯ ಮನೆಯವನು.

“ಓರೆ ಸಾಲಲ್ಲ ಚಿಕ್ಕಪ್ಪ. ನೆಟ್ಟಗೆ ನಿಲ್ಲಿಸ್ಬೇಕು. ಒಳಗೆ ಅಪ್ಪ ಜಾರಿ ಕಾಲ ಮೇಲೆ ಕುಸಿದು ಕೂತ್ಬಿಡ್ತಾನೆ.”

“ಸತ್ತೋರಿಗೆ ಏನಮ್ಮ ಗೊತ್ತಾಗುತ್ತೆ?”

“ನಂಗೆ ಗೊತ್ತಾಗುತ್ತಲ್ಲ.”

ಮೊದಲನೇ ಮನೆಯ ಕೊಡೆ ರಿಪೇರಿಯವ ಗೋಡೆಗೆ ಒರಗಿ ನಿಂತಿದ್ದವನು ಬಾಯಿ ಹಾಕಿದ. ಅವನನ್ನು ಎಲ್ಲರೂ ಕೊಡೆಯಣ್ಣ ಎನ್ನುತ್ತಿದ್ದರು. “ಅರವತ್ತು ವರ್ಷ ಸಾರುವೆ ಹಲಗೆ ಮೇಲೆ ನಿಂತೇ ದುಡಿದ ಮನುಷ್ಯ. ಇವತ್ತೊಂದಿನ ಮಲಗ್ಲಿ ಬಿಡಯ್ಯ.”

“ಹಾಗಾದ್ರೆ ಗೇಟು ತೆಗಿಸ್ಬೇಕು,” ಎಂದಳು ಮಗಳು. “ಸ್ಮಶಾನದಲ್ಲಿ ಹನ್ನೆರಡಕ್ಕೆ ನಮ್ಮ ಗುಂಡಿ. ತಪ್ಪಿದ್ರೆ ನಾಳೆ ಅಂದಿದ್ದಾರೆ. ಈ ಸೆಕೆಗೆ ನಾಳೆವರೆಗೆ ಇಟ್ಕೊಳ್ಳೋಕಾಗಲ್ಲ.”

ಆಗ ಹತ್ತು ಗಂಟೆ ಹತ್ತು ನಿಮಿಷ.

*

ಗಾರೆಜ್ಜ ಗಾರೆ ಕೆಲಸ ಬಿಟ್ಟು ಬೇರೇನನ್ನೂ ಕಲಿಯಲಿಲ್ಲ. ಸುಣ್ಣ, ಮರಳು, ಇಟ್ಟಿಗೆ ಪುಡಿ, ಇಷ್ಟೇ ಅವನ ಪ್ರಪಂಚ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಮಗಳು ವಾಪಸು ಬಂದಾಗ ಅವನು ಸಮಾಧಾನ ಹೇಳಲಿಲ್ಲ, ಕಣ್ಣೀರು ಒರೆಸಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವಳ ಕೈಗೆ ಸಲಿಕೆ ಕೊಟ್ಟ.

“ಸುಣ್ಣ ನೀರಲ್ಲಿ ಮೂರು ತಿಂಗಳು ನೆನೀಬೇಕು,” ಎಂದ. “ಮೊದಲ್ನೇ ದಿನ ಕುದಿಯುತ್ತೆ. ಹತ್ರ ಹೋದ್ರೆ ಮುಖ ಸುಟ್ಕೋತೀಯ. ಆಮೇಲೆ ತಾನಾಗೇ ತಣ್ಣಗಾಗುತ್ತೆ. ಬೆಣ್ಣೆ ಹಾಗೆ ಆಗುತ್ತೆ. ಅವಸರ ಮಾಡ್ಬಾರ್ದು.”

ಅವನು ಸುಣ್ಣದ ಮಾತನ್ನೇ ಆಡಿದ್ದು. ಆದರೂ ಅವಳಿಗೆ ಅದು ಸಾಕಾಯಿತು.

ಮೂವತ್ತು ವರ್ಷ ಅವಳು ಕಲೆಸಿದಳು, ಅವನು ಬಳಿದ. ಎರಡು ಬೆರಳ ನಡುವೆ ತಿಕ್ಕಿ, ಒಂದು ಕಾಳು ಮರಳು ಹೆಚ್ಚಾಗಿ ತಾಗಿದರೂ ಅವನು ಪೂರ್ತಿ ಬಾಂಡ್ಲಿಯನ್ನೇ ತಿರುಗಿಸಿ ಚೆಲ್ಲುತ್ತಿದ್ದ. ಕೂಲಿಯ ವಿಷಯದಲ್ಲಿ ಜಿಪುಣ. ಹೊಗಳುವುದರಲ್ಲಿ ಇನ್ನೂ ಜಿಪುಣ. ಅವಳ ಕಲೆಸು ಚೆನ್ನಾಗಿ ಬಂದ ದಿನ ಏನೂ ಹೇಳದೆ ಕೆಲಸ ಮಾಡುತ್ತಿದ್ದ. ಬಾರದ ದಿನ ಸಂಜೆಯವರೆಗೂ ಗೊಣಗುತ್ತಿದ್ದ. ಹೀಗಾಗಿ ಅವಳು ಮೌನವನ್ನೇ ಬಹುಮಾನ ಎಂದು ಲೆಕ್ಕ ಹಾಕುವುದನ್ನು ಕಲಿತಳು.

ಕೆಲಸವಿಲ್ಲದ ದಿನಗಳಲ್ಲಿ ಅವನು ತೂಕದಮನೆಯ ಮುಂದಿನ ಅಂಗಳದಲ್ಲಿ ಕೂರುತ್ತಿದ್ದ. ಆ ಅಂಗಳ ಯಾರದೂ ಅಲ್ಲ, ಆದ್ದರಿಂದ ಎಲ್ಲರದೂ ಆಗಿತ್ತು. ಕೊಡೆಯಣ್ಣ ಕಮಾನಿನ ಕೆಳಗೆ ಕೊಡೆ ಬಿಚ್ಚಿ ಹರಡುತ್ತಿದ್ದ. ಓಣಿಯ ಹೆಂಗಸರು ಬಟ್ಟೆ ಒಣಗಿಸುತ್ತಿದ್ದರು. ಬಸ್ಸು ತಪ್ಪಿದವರು ಬಂದು ಕೂರುತ್ತಿದ್ದರು, ಕುಡಿದವರು ಮಲಗುತ್ತಿದ್ದರು. ಗಲೀಜು ಇತ್ತು, ಜಗಳ ಇತ್ತು. ಯಾರೂ ಅದಕ್ಕೆ ‘ಸಾರ್ವಜನಿಕ ಸ್ಥಳ’ ಎಂದು ಬೋರ್ಡು ಹಾಕಿರಲಿಲ್ಲ, ಹಾಕುವ ಅಗತ್ಯವಿರಲಿಲ್ಲ.

*

ಬಿಲ್ಡರ್ ಬಂದ ಮೇಲೆ ಬೋರ್ಡು ಬಂತು. ಇಪ್ಪತ್ತಮೂರು ನಿಯಮಗಳ ಬೋರ್ಡು. ಹಳೆಯ ಕಟ್ಟಡದ ಮುಖ ಉಳಿಸುತ್ತೇವೆ, ಅಂಗಳವನ್ನು ಜನರಿಗೇ ಬಿಡುತ್ತೇವೆ ಎಂದು ನಗರಸಭೆಗೆ ಬರೆದುಕೊಟ್ಟು, ಆ ದೊಡ್ಡ ಮನಸ್ಸಿಗೆ ಪ್ರತಿಯಾಗಿ ಐದು ಮಾಳಿಗೆ ಹೆಚ್ಚಿಗೆ ಕಟ್ಟಿಕೊಂಡವರು ಅವರು. ಮಾಳಿಗೆ ಉಳಿದವು. ಜನರಿಗೆ ನಿಯಮಗಳು ಉಳಿದವು.

ತಿರುಗಣೆ ದಾಟಿ ಚೌಕಕ್ಕೆ ಬಂದ ಮಗಳು, ಚಿಕ್ಕಪ್ಪ, ಕೊಡೆಯಣ್ಣ ಮೂವರನ್ನೂ ಕಾವಲುಗಾರ ಆ ಬೋರ್ಡಿನ ಮುಂದೆಯೇ ನಿಲ್ಲಿಸಿಕೊಂಡ.

“ಅಕ್ಕ, ನಂದೇನೂ ಇಲ್ಲ. ದೊಡ್ಡ ಗೇಟು ತೆಗೀಬೇಕು ಅಂದ್ರೆ ಏಳು ದಿನ ಮುಂಚೆ ಅರ್ಜಿ ಕೊಡ್ಬೇಕು. ನೋಡಿ, ಹದಿನಾರನೇದು.”

“ಹೌದಪ್ಪ, ತಪ್ಪು ನಮ್ದೇ,” ಎಂದ ಕೊಡೆಯಣ್ಣ. “ಅಜ್ಜ ಒಂದು ವಾರ ಮುಂಚೆ ಹೇಳಿ ಸಾಯ್ಬೇಕಿತ್ತು.”

“ಹೊರೆ ಹೊತ್ತು ದಾಟಂಗಿಲ್ಲ, ಒಂಬತ್ತನೇದು. ಹತ್ತು ಜನಕ್ಕಿಂತ ಹೆಚ್ಚು ಸೇರಂಗಿಲ್ಲ, ಹನ್ನೊಂದನೇದು.” ಕಾವಲುಗಾರ ತಲೆ ತಗ್ಗಿಸಿದ. “ನಾಲ್ಕನೇದು ಮಲಗೋದು.”

“ಅಲ್ಲಿಗೆ ಸರಿ ಹೋಯ್ತು. ಅಜ್ಜ ಮಲಗಿದ್ದಾನಲ್ಲ, ಅದೇ ಅಪರಾಧ.”

“ಕೊಡೆಯಣ್ಣ, ಸುಮ್ನಿರಿ,” ಎಂದಳು ಮಗಳು. “ನಿಮ್ ಸಾಹೇಬರನ್ನ ಕರೀರಿ.”

ಮಾರಾಟದ ಮ್ಯಾನೇಜರು ಬಂದ. ಮೂವತ್ತರ ಆಸುಪಾಸು, ಕತ್ತು ಬಿಗಿಯುವ ಟೈ, ಕಿವಿಯಲ್ಲಿ ಸಣ್ಣ ಯಂತ್ರ. ಅವನು ಮಾತಾಡುವುದು ಎದುರಿಗಿದ್ದವರ ಜೊತೆಗೋ ಕಿವಿಯೊಳಗಿದ್ದವರ ಜೊತೆಗೋ ಎಂದು ಸದಾ ಅನುಮಾನ.

“ನಮ್ಮ ಸಂಸ್ಥೆ ಪರವಾಗಿ ತೀವ್ರ ಸಂತಾಪ,” ಎಂದ. “ಆದ್ರೆ ಮೇಡಂ, ಹನ್ನೊಂದಕ್ಕೆ ನಮ್ಮದು ಪರಂಪರೆ ನಡಿಗೆ ಇದೆ. ಇಪ್ಪತ್ತು ಜನ ಗಿರಾಕಿಗಳು ಬರ್ತಾರೆ. ಮನೆ ಕೊಳ್ಳೋಕೆ ಬಂದೋರ ಮುಂದೆ ಇಂಥದ್ದು… ನೀವೇ ಯೋಚ್ನೆ ಮಾಡಿ. ಎರಡು ಗಂಟೆ ಮೇಲೆ ಬನ್ನಿ, ನಾನೇ ನಿಂತು ಗೇಟು ತೆಗಿಸ್ತೀನಿ.”

“ಎರಡಕ್ಕೆ ಗುಂಡಿ ಇರಲ್ಲ ಸ್ವಾಮಿ. ಹನ್ನೆರಡಕ್ಕೆ ನಮ್ಮ ಸರದಿ.”

“ಹಿಂದುಗಡೆ ದಾರಿ ಕೊಟ್ಟಿದ್ದೀವಲ್ಲ?”

“ಕೊಟ್ಟಿದ್ದೀರಿ. ಹೆಣ ಎದ್ದು, ಅಡ್ಡಡ್ಡ ನಡ್ಕೊಂಡು ಹೋಗ್ಬೇಕು ಅಷ್ಟೇ,” ಎಂದ ಕೊಡೆಯಣ್ಣ.

“ಇದು ಜನರ ಜಾಗ ಅಂತ ನೀವೇ ಬರ್ದಿದ್ದೀರಿ,” ಎಂದಳು ಮಗಳು, ಬೋರ್ಡಿನ ತಲೆಬರಹ ತೋರಿಸಿ. “ನಾವು ಜನ ಅಲ್ವಾ?”

“ಖಂಡಿತ ಜನರ ಜಾಗವೇ ಮೇಡಂ. ಅದಕ್ಕೇ ಶಿಸ್ತು ಬೇಕು.”

ಚಿಕ್ಕಪ್ಪನಿಗೆ ಈ ಜಗಳ ಹಿಡಿಸಲಿಲ್ಲ. ಟವರು ಕಟ್ಟಲು ನಮ್ಮ ಅಡ್ಡಿಯಿಲ್ಲ ಎಂಬ ಕಂಪನಿಯ ಕಾಗದಕ್ಕೆ ಓಣಿಯಲ್ಲಿ ಮೊದಲು ಸಹಿ ಹಾಕಿದವನು ಅವನೇ. ಉಳಿದವರನ್ನು ಒಪ್ಪಿಸಿದವನೂ ಅವನೇ. ಅದಕ್ಕೆ ಪ್ರತಿಫಲವಾಗಿ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗ ಕೊಡುತ್ತೇವೆಂದು ಮಾತು ಕೊಟ್ಟಿದ್ದರು. ಚಿಕ್ಕಪ್ಪನ ಹತ್ತಿರ ಸೈಕಲ್ಲೂ ಇರಲಿಲ್ಲ. ಆದರೂ ಆ ಹನ್ನೆರಡಡಿ ಜಾಗಕ್ಕಾಗಿ ಅವನು ನಾಲ್ಕು ವರ್ಷದಿಂದ ಸಿಕ್ಕ ಟೈಗಳಿಗೆಲ್ಲ ನಮಸ್ಕಾರ ಹೊಡೆಯುತ್ತಿದ್ದ.

“ಸಾರ್, ಒಂದ್ನಿಮಿಷ,” ಎಂದು ಅವನು ಚೌಕದ ಪಕ್ಕದ ದೊಡ್ಡ ಜಾಹೀರಾತಿನತ್ತ ಕೈ ಮಾಡಿದ. “ಯಾರೋ ಅಂದ್ಕೋಬೇಡಿ. ತೀರ್ಕೊಂಡಿರೋದು ಇವ್ರೇ. ನಮ್ಮಣ್ಣ.”

ಮ್ಯಾನೇಜರು ತಲೆ ಎತ್ತಿ ನೋಡಿದ. ಇಪ್ಪತ್ತಡಿ ಎತ್ತರದಲ್ಲಿ ಗಾರೆಜ್ಜ ಕರಣೆ ಹಿಡಿದು ನಿಂತಿದ್ದ. ಕೆಳಗೆ ಬಂಗಾರದ ಅಕ್ಷರ: ‘ಇತಿಹಾಸ ಕಟ್ಟಿದ ಕೈಗಳು. ಇನ್ನು ನಿಮ್ಮ ಮನೆಯಂಗಳದಲ್ಲಿ.’

*

ಆ ಚಿತ್ರ ತೆಗೆದದ್ದು ಮೂರು ವರ್ಷದ ಹಿಂದೆ.

ಒಂದು ಸೋಮವಾರ ಯಂತ್ರಗಳು ತೂಕದಮನೆಯನ್ನು ಹಿಂದಿನಿಂದ ಕೆಡವುತ್ತ ಬಂದವು. ಶುಕ್ರವಾರಕ್ಕೆ ಮುಖ ಮಾತ್ರ ಉಳಿದು, ಬೆನ್ನಿಗೆ ಕಬ್ಬಿಣದ ಊರುಗೋಲು ಕೊಟ್ಟು ನಿಲ್ಲಿಸಿದರು. ಮುಖಕ್ಕೆ ಹಳೆಯ ರೀತಿಯಲ್ಲೇ ಗಾರೆ ಮಾಡಿಸಬೇಕೆಂಬ ಷರತ್ತಿತ್ತು. ಗಾರೆಜ್ಜನನ್ನು ಹುಡುಕಿಕೊಂಡು ಬಂದರು.

“ಹೋಗ್ಬೇಡ ಅಪ್ಪ,” ಎಂದಿದ್ದಳು ಮಗಳು. “ಕಟ್ಟಡ ಕೊಂದೋರಿಗೆ ಮುಖ ತೊಳೆದು ಕೊಡೋ ಕೆಲಸ ಇದು.”

“ನಾನು ಹೋಗ್ದಿದ್ರೆ ಪೂರ್ತಿ ಸಿಮೆಂಟು ಬಳೀತಾರೆ.”

ಹೋದ. ಮಗಳೂ ಸಲಿಕೆ ಹಿಡಿದು ಹಿಂದೆ ಹೋದಳು. ಮೇಲಿನಿಂದ ಕೆಳಕ್ಕೆ ಕೆಲಸ ಸಾಗಿತು. ನಲವತ್ತು ದಿನ ಬೇಕು ಎಂದಿದ್ದ. ಇಪ್ಪತ್ತೆಂಟನೇ ದಿನ ಇಂಜಿನಿಯರು ಬಂದು, ಚೌಕದ ಉದ್ಘಾಟನೆಗೆ ದೊಡ್ಡವರ ತಾರೀಖು ಸಿಕ್ಕಿದೆ, ಇನ್ನು ನಾಲ್ಕೇ ದಿನ ಎಂದ.

“ಉಳಿದಿರೋದು ಆಳೆತ್ತರ ತಾನೇ? ಸಿಮೆಂಟು ಹಾಕಿ ಮುಗಿಸ್ತೀವಿ. ಜನ ಮುಟ್ಟೋ ಎತ್ತರ, ಗಟ್ಟಿಯಾಗಿರ್ಲಿ.”

“ಹಳೆ ಗೋಡೆ ನೆಲದಿಂದ ನೀರು ಕುಡಿಯುತ್ತೆ ಸ್ವಾಮಿ, ಮೈಯಿಂದ ಬೆವರುತ್ತೆ,” ಎಂದ ಗಾರೆಜ್ಜ. “ಸುಣ್ಣ ಆದ್ರೆ ಬೆವರು ಬಿಡುತ್ತೆ. ಸಿಮೆಂಟು ಬಿಡಲ್ಲ. ಮೂರು ವರ್ಷಕ್ಕೆ ಹಪ್ಪಳ ಎದ್ದ ಹಾಗೆ ಏಳುತ್ತೆ, ನೋಡ್ತಿರಿ.”

“ಮೂರು ವರ್ಷದಲ್ಲಿ ಎಲ್ಲ ಮನೆ ಮಾರಿರ್ತೀವಿ ಅಜ್ಜ.”

ಅಂಥ ಪ್ರಾಮಾಣಿಕ ಮಾತನ್ನು ಆ ಕಂಪನಿಯವರು ಆಡಿದ್ದು ಅದೊಂದೇ ಸಲ.

ಗಾರೆಜ್ಜ ಕೆಳಗಿನ ಭಾಗಕ್ಕೆ ಕೈ ಹಚ್ಚಲಿಲ್ಲ. ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡ. ಹೊರಡುವಾಗ ಫೋಟೊದವರು ಹಿಡಿದು ನಿಲ್ಲಿಸಿದರು. ಅವನ ಅಂಗಿ ‘ಹಳೆಯ ಕಾಲದ್ದು’ ಎನ್ನಿಸಲಿಲ್ಲವಂತೆ. ಅವನು ಹುಟ್ಟಿದಾಗಿನಿಂದ ಕಂಡಿರದ ಚರ್ಮದ ಏಪ್ರನ್ ತೊಡಿಸಿದರು. ಕೆನ್ನೆಗೆ ಒಂದಿಷ್ಟು ಸುಣ್ಣ ಬಳಿದರು. ಫೋಟೊ ಆದ ಮೇಲೆ ಏಪ್ರನ್ ವಾಪಸು ತೆಗೆದುಕೊಂಡರು. ಸುಣ್ಣವನ್ನು ಅವನೇ ಮನೆಯಲ್ಲಿ ತೊಳೆದುಕೊಂಡ.

ಚೌಕ ತೆರೆದ ಮೇಲೆ ಒಂದು ಸಂಜೆ ಅವನು ಹೋಗಿ ತನ್ನ ಹಳೆಯ ಜಾಗದಲ್ಲಿ, ನೆಲದ ಮೇಲೆ, ಕಾಲು ಚಾಚಿ ಕೂತ. ಆಗಿದ್ದ ಕಾವಲುಗಾರ ಬೇರೆಯವನು. “ಅಜ್ಜ, ಇಲ್ಲೆಲ್ಲ ಕೂರಂಗಿಲ್ಲ, ಏಳು,” ಎಂದ. ಗಾರೆಜ್ಜ ಎದ್ದ. ಅವನ ತಲೆಯ ಮೇಲೆಯೇ ಅವನ ಇಪ್ಪತ್ತಡಿ ಚಿತ್ರವಿತ್ತು. ಇದೇ ನಾನು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮನೆಗೆ ಬಂದು ಮಗಳಿಗೆ, “ನೀನು ಅವತ್ತು ಹೇಳಿದ್ದು ಸರಿ ಇತ್ತು,” ಎಂದಷ್ಟೇ ಅಂದ. ಮೂವತ್ತು ವರ್ಷದಲ್ಲಿ ಅವನು ಅವಳನ್ನು ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು. ಆಮೇಲೆ ಅವನು ಆ ಚೌಕಕ್ಕೆ ಕಾಲಿಡಲಿಲ್ಲ. ಎಲ್ಲಿಗೆ ಹೋಗುವುದಾದರೂ ಸಂದಿಯಲ್ಲೇ ಹೋಗುತ್ತಿದ್ದ.

*

ಮ್ಯಾನೇಜರು ಜಾಹೀರಾತಿನಿಂದ ಕಣ್ಣು ಇಳಿಸುವಷ್ಟರಲ್ಲಿ ಅವನ ಮುಖವೇ ಬದಲಾಗಿತ್ತು. ಕಿವಿಯ ಯಂತ್ರಕ್ಕೆ ನಾಲ್ಕು ಮಾತು ಆಡಿ, ಮಗಳ ಕಡೆ ತಿರುಗಿ ಕೈ ಜೋಡಿಸಿದ.

“ಮೊದಲೇ ಹೇಳ್ಬಾರ್ದಾ ಮೇಡಂ? ಅವ್ರು ನಮ್ಮ ಕುಟುಂಬದೋರು! ನಮ್ಮ ಮಹಾಶಿಲ್ಪಿ! ಗೇಟು ಈಗ್ಲೇ ತೆಗಿಸ್ತೀನಿ.”

“ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡ್ತಿತ್ತಂತೆ,” ಎಂದು ಗೊಣಗಿದ ಕೊಡೆಯಣ್ಣ.

“ಒಂದು ಸಣ್ಣ ವಿನಂತಿ. ಹನ್ನೊಂದಕ್ಕೆ ಗಿರಾಕಿಗಳು ಬಂದ ಮೇಲೆ ತಗೊಂಡು ಬನ್ನಿ. ಚೌಕದ ಮಧ್ಯೆ ಐದು ನಿಮಿಷ ಇಳಿಸೋಣ. ಕಂಪನಿಯಿಂದ ಒಂದು ಹೂವಿನ ಚಕ್ರ ಇಡ್ತೀವಿ. ನಾನು ಎರಡು ಮಾತು, ನೀವು ಎರಡು ಮಾತು. ಫೋಟೊದೋರು ಹೇಗೂ ಇದ್ದಾರೆ.”

ಕೊಡೆಯಣ್ಣ ಕೆಂಡವಾದ. “ಬೇಡ ತಾಯಿ. ಬದುಕಿದ್ದಾಗ ಒಂದ್ಸಲ ಮಾರಾಟ ಮಾಡಿದ್ರು. ಈಗ ಹೆಣಾನೂ ಮಾರ್ತಾರಂತೆ. ಸಂದೀಲೇ ನಿಲ್ಸಿಕೊಂಡು ಹೋಗೋಣ ನಡಿ.”

“ಅಯ್ಯೋ, ಅವ್ರಾಗೇ ಗೌರವ ಕೊಡ್ತೀವಿ ಅಂತಿದ್ದಾರೆ!” ಎಂದ ಚಿಕ್ಕಪ್ಪ.

ಮಗಳು ಕಮಾನಿನ ಗೇಟಿನ ಅಗಲವನ್ನು ಕಣ್ಣಲ್ಲೇ ಅಳೆದಳು. ಕೊನೆಗೆ, “ಐದೇ ನಿಮಿಷ,” ಎಂದಳು. “ಗೇಟು ಪೂರ್ತಿ ತೆಗೀಬೇಕು, ಎರಡೂ ಬಾಗಿಲು.”

“ಒಪ್ಕೊಂಡ್ಯಾ?” ಎಂದ ಕೊಡೆಯಣ್ಣ.

“ಅಪ್ಪನ್ನ ಮಲಗಿಸಿಕೊಂಡು ಹೋಗ್ಬೇಕು ಕೊಡೆಯಣ್ಣ. ಮಿಕ್ಕಿದ್ದೆಲ್ಲ ನನ್ನ ತಲೆ ಮೇಲಿರ್ಲಿ.”

ಹನ್ನೊಂದು ಗಂಟೆಗೆ ಎಂಟಡಿ ಗೇಟು ತೆರೆಯಿತು. ಓಣಿಯ ಆರು ಜನ ಪೆಟ್ಟಿಗೆ ಹೊತ್ತು, ಕಮಾನಿನ ಕೆಳಗೆ ಹಾದು, ಚೌಕದ ನಡುವೆ ತಂದು ಇಳಿಸಿದರು. ಪ್ಲಾಸ್ಟಿಕ್ ಎಲೆಯ ಮರದ ಕೆಳಗೆ ಇಪ್ಪತ್ತು ಗಿರಾಕಿಗಳು ತಂಪು ಪಾನೀಯದ ಲೋಟ ಹಿಡಿದು ನಿಂತಿದ್ದರು. ಲೋಟವನ್ನು ಕೆಳಗಿಡಬೇಕೋ, ಹಾಗೇ ಹಿಡಿದಿರಬೇಕೋ ಎಂಬ ಗೊಂದಲ ಅವರಿಗೆ. ಒಬ್ಬ ಮಾತ್ರ ಅವಸರದಲ್ಲಿ ಒಂದೇ ಗುಟುಕಿಗೆ ಕುಡಿದು ಮುಗಿಸಿದ. ಹೂವಿನ ಚಕ್ರ ಬಂತು. ಹೂವಿಗಿಂತ ಕಂಪನಿಯ ಹೆಸರೇ ದೊಡ್ಡದಿತ್ತು.

ಮ್ಯಾನೇಜರು ಗಂಟಲು ಸರಿ ಮಾಡಿಕೊಂಡ.

“ಸ್ನೇಹಿತರೇ, ಇದು ಆಕಸ್ಮಿಕ ಅಲ್ಲ, ಇದೇ ಇತಿಹಾಸ. ಈ ಚೌಕದಲ್ಲೇ ಬಾಳಿದ ಮಹಾಶಿಲ್ಪಿ ಈ ಚೌಕದಿಂದಲೇ ಕೊನೆಯ ಪಯಣ ಹೊರಟಿದ್ದಾರೆ. ಈ ಗೋಡೆ ನೋಡಿ. ತಲೆಯಿಂದ ಬುಡದವರೆಗೆ, ಪ್ರತಿ ಅಂಗುಲವೂ ಅವರ ಕೈಯದ್ದು. ನೀವು ಇಲ್ಲಿ ಮನೆ ಕೊಂಡ್ರೆ ಆ ಕೈಗಳ ಆಶೀರ್ವಾದ ಕೊಂಡ ಹಾಗೆ. ಈಗ ಅವರ ಮಗಳು ನಾಲ್ಕು ಮಾತು ಹೇಳ್ತಾರೆ.”

ಮಾತಾಡುವ ಮನಸ್ಸು ಮಗಳಿಗಿರಲಿಲ್ಲ. ‘ಬಂದಿದ್ದಕ್ಕೆ ನಮಸ್ಕಾರ’ ಎಂದು ಮುಗಿಸುವುದೆಂದುಕೊಂಡಿದ್ದಳು. ‘ಬುಡದವರೆಗೆ’ ಎಂಬ ಮಾತು ಕೇಳಿ ಅವಳ ಕಣ್ಣು ಗೋಡೆಯ ಬುಡಕ್ಕೆ ಹೋಯಿತು. ಆಳೆತ್ತರದವರೆಗೆ ಅಲ್ಲಲ್ಲಿ ಉಬ್ಬು, ಉಬ್ಬಿನ ಸುತ್ತ ಬಿಳಿ ಉಪ್ಪಿನ ಹೂವು. ಬಣ್ಣ ಹೊಡೆದು ಮುಚ್ಚಿದ್ದರು. ಕೆಲಸ ಗೊತ್ತಿದ್ದವರ ಕಣ್ಣಿಗೆ ಮುಚ್ಚಿರಲಿಲ್ಲ.

“ಪ್ರತಿ ಅಂಗುಲ ಅಲ್ಲ,” ಎಂದಳು.

ಮ್ಯಾನೇಜರು ನಗುತ್ತಲೇ ಇದ್ದ.

“ಮೇಲಿಂದ ಇಲ್ಲಿವರೆಗೆ ನಮ್ಮಪ್ಪಂದು.” ಅವಳು ಗೋಡೆಯ ಹತ್ತಿರ ಹೋಗಿ ತಲೆಯ ಮೇಲೆ ಕೈ ಎತ್ತಿ ತೋರಿಸಿದಳು. “ಇದರ ಕೆಳಗಿಂದು ಇವರ ಇಂಜಿನಿಯರಪ್ಪಂದು. ಸಿಮೆಂಟು. ಬೇಡ ಅಂದ್ರೂ ಕೇಳ್ದೆ ನಾಲ್ಕು ದಿನದಲ್ಲಿ ಮೆತ್ತಿದ್ದು. ಇದನ್ನ ನಮ್ಮಪ್ಪನ ಹೆಸರಿಗೆ ಬರೀಬೇಡಿ. ಅವನಿಗೆ ಇಂಥ ಕೆಲಸ ಬರ್ತಿರ್ಲಿಲ್ಲ.”

ಅಷ್ಟು ಹೇಳಿ, ಬೆರಳ ಗೆಣ್ಣಿನಿಂದ ಮೇಲೆ ಒಮ್ಮೆ ತಟ್ಟಿದಳು: ಗಟ್ಟಿ ಸದ್ದು. ಕೆಳಗೆ ತಟ್ಟಿದಳು: ಖಾಲಿ ಡಬ್ಬದ ಸದ್ದು. ಇನ್ನೊಮ್ಮೆ ಹೆಬ್ಬೆರಳಿನಿಂದ ಒತ್ತಿದಳು. ತಟ್ಟೆಯಗಲದ ಒಂದು ಚಕ್ಕೆ ಎದ್ದು ಬಂದು, ಚದರಡಿಗೆ ಆರುನೂರರ ಕಲ್ಲಿನ ಮೇಲೆ ಬಿದ್ದು ಪುಡಿಯಾಯಿತು.

ಕೊಡೆಯಣ್ಣನ ಮುಖ ಅರಳಿತು. ಚಿಕ್ಕಪ್ಪ, ಹನ್ನೆರಡಡಿ ಜಾಗ ಕಣ್ಣೆದುರೇ ಕರಗಿದವನಂತೆ, ತಲೆಯ ಮೇಲೆ ಕೈ ಹೊತ್ತ.

“ದುಃಖದಲ್ಲಿದ್ದಾರೆ,” ಎಂದ ಮ್ಯಾನೇಜರು ಗಿರಾಕಿಗಳಿಗೆ. “ತಂದೆ ಹೋದ ದುಃಖ.”

ಗಿರಾಕಿಗಳಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ಮುಂದೆ ಬಂದು, ತಾನೂ ಒಂದು ಉಬ್ಬನ್ನು ಒತ್ತಿ ನೋಡಿದಳು. ಅದೂ ಬಿತ್ತು. ಅವಳು ಕೈ ಒರೆಸಿಕೊಂಡು ಮ್ಯಾನೇಜರ ಕಡೆ ತಿರುಗಿದಳು. ಪೆಟ್ಟಿಗೆಯ ಕಡೆ ತಿರುಗುತ್ತಾಳೇನೋ, ಒಂದು ಒಳ್ಳೆಯ ಮಾತು ಆಡುತ್ತಾಳೇನೋ ಎಂದು ಓಣಿಯವರು ಕಾದರು.

“ಹಾಗಾದ್ರೆ ಚದರಡಿಗೆ ಎಷ್ಟು ಇಳಿಸ್ತೀರಿ?” ಎಂದಳು.

ಇಪ್ಪತ್ತು ಜನರೂ ಅವನನ್ನು ಸುತ್ತುವರಿದರು. ಹನ್ನೊಂದನೇ ನಿಯಮವನ್ನು ಯಾರೂ ನೆನಪಿಸಲಿಲ್ಲ. ಆ ಗದ್ದಲದ ನಡುವೆ ಆರು ಜನ ಪೆಟ್ಟಿಗೆ ಎತ್ತಿದರು. ಕಾವಲುಗಾರ ಮುಂದೆ ಹೋಗಿ, ಯಾರೂ ಹೇಳದೆಯೇ, ತಲೆಯ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಕಲ್ಲುಗೂಟಗಳ ನಡುವೆ ದಾರಿ ಮಾಡಿಕೊಟ್ಟ. ಹೂವಿನ ಚಕ್ರ ಅಲ್ಲೇ ಉಳಿಯಿತು.

ಗಾಡಿಯ ಹಿಂಬಾಗಿಲು ಮುಚ್ಚುವಾಗ ಡ್ರೈವರ್ ಕೇಳಿದ, “ಸಲೀಸಾಗಿ ಬಂತಾ?”

“ಒಂದ್ಕಡೇನೂ ಓರೆಯಾಗ್ಲಿಲ್ಲ,” ಎಂದಳು ಮಗಳು.

*

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ಸ್ಮಶಾನ ಮುಟ್ಟಿದರು. ಮಣ್ಣು ಗಟ್ಟಿಯಾಗಿತ್ತು, ಅಗೆಯುವವರು ಬೈದುಕೊಂಡೇ ಅಗೆದರು. ಮಗಳು ಮೊದಲ ಹಿಡಿ ಮಣ್ಣನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ಆಮೇಲೆ ಹಾಕಿದಳು. ಹೆಚ್ಚು ಮಾತಿಲ್ಲದೆ ಎಲ್ಲ ಮುಗಿಯಿತು. ಗಾರೆಜ್ಜನಿಗೂ ಹೆಚ್ಚು ಮಾತು ಬೇಕಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕೊಡೆಯಣ್ಣ ಆ ಕಥೆಯನ್ನು ಮೂರು ಸಲ ಹೇಳಿದ. ಮೂರನೇ ಸಲಕ್ಕೆ ಬಿದ್ದ ಚಕ್ಕೆ ಬಾಗಿಲಿನಷ್ಟು ದೊಡ್ಡದಾಗಿತ್ತು.

“ನಗು, ನಗು,” ಎಂದ ಚಿಕ್ಕಪ್ಪ. “ನನ್ನ ಜಾಗ ಹೋಯ್ತು.”

“ನಿಂಗೆ ಜಾಗ ಯಾಕೋ, ನಿನ್ ಹತ್ರ ಕಾರೆಲ್ಲಿದೆ?”

“ಜಾಗ ಸಿಕ್ಕಿದ್ರೆ ಕಾರು ಬರ್ತಿತ್ತೇನೋ.”

ಮಗಳು ನಕ್ಕಳು. ಹಿಂದಿನ ದಿನದಿಂದ ಅದೇ ಮೊದಲ ಸಲ.

ಚೌಕದ ಬಳಿ ಇಳಿದಾಗ ಮೂರು ಗಂಟೆ. ಕಲ್ಲುಗೂಟಗಳಿಗೆ ಹಳದಿ ಪಟ್ಟಿ ಸುತ್ತಿದ್ದರು. ಕಮಾ​ನಿನ ದೊಡ್ಡ ಗೇಟಿಗೆ ಎರಡು ಬೀಗ, ತಿರುಗಣೆಗೆ ಸರಪಳಿ. ಕಾವಲುಗಾರ ಒಂದು ಹೊಸ ಕಾಗದವನ್ನು ಗೋಂದು ಹಚ್ಚಿ ಅಂಟಿಸುತ್ತಿದ್ದ. ಇವರನ್ನು ಕಂಡು ಅವನ ಕೈ ನಿಂತಿತು.

“ಅಕ್ಕ, ಕಾರ್ಡು ಇನ್ನು ನಡೆಯಲ್ಲ.”

ಮಗಳು ಹತ್ತಿರ ಹೋಗಿ ಓದಿದಳು. ‘ಕೆಳಭಾಗದ ಗಾರೆ ಸಡಿಲವಾಗಿರುವುದಾಗಿ ಪರಿಣತರು ತಿಳಿಸಿರುವುದರಿಂದ, ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ, ದುರಸ್ತಿ ಮುಗಿಯುವವರೆಗೆ ಓಣಿಯ ಕಡೆಯ ದಾರಿಯನ್ನು ಮುಚ್ಚಲಾಗಿದೆ.’ ಮುಗಿಯುವ ತಾರೀಖು ಬರೆಯಬೇಕಾದ ಜಾಗ ಖಾಲಿ ಇತ್ತು.

“ಪರಿಣತರು ಯಾರಪ್ಪ?” ಎಂದ ಕೊಡೆಯಣ್ಣ.

ಕಾವಲುಗಾರ ಮಗಳ ಮುಖ ನೋಡಿದ. “ನಿಮ್ ಮಾತನ್ನೇ ಬರ್ದಿದ್ದಾರೆ ಅಕ್ಕ.”

“ಗಿರಾಕಿಗಳು ಹೋದ್ರಾ?” ಎಂದು ಅವಳು ಕೇಳಿದಳು.

“ಇಬ್ರು ಹೋದ್ರು. ಹದಿನೆಂಟು ಜನ ಮುಂಗಡ ಕೊಟ್ರು. ಚದರಡಿಗೆ ಇನ್ನೂರು ಇಳಿಸಿದ್ರಂತೆ.”

ಕಾಗದದ ಒಂದು ಮೂಲೆ ಅಂಟದೆ ಗಾಳಿಗೆ ಏಳುತ್ತಿತ್ತು. ಅಭ್ಯಾಸಬಲದಿಂದ ಅವಳು ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಕೆಲಸ ಯಾರದಾದರೂ ಅರೆಬರೆ ಇದ್ದರೆ ಅವಳಿಗೆ ನೋಡಲಾಗುತ್ತಿರಲಿಲ್ಲ.

ಆಮೇಲೆ ಎಲ್ಲರೂ ಪಕ್ಕದ ಬೀದಿಯಿಂದ ಸುತ್ತಿಕೊಂಡು ಸಂದಿಗೆ ಬಂದರು. ಜನರೇಟರಿನ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮೊದಲು ಚಿಕ್ಕಪ್ಪ, ಹಿಂದೆ ಕೊಡೆಯಣ್ಣ, ಅವನ ಹಿಂದೆ ಓಣಿಯ ಹೆಂಗಸರು, ಕೊನೆಗೆ ಮಗಳು, ಮೂಲೆ ಬಂದಾಗ ಭುಜ ಓರೆ ಮಾಡಿ, ಹೊಟ್ಟೆ ಒಳಗೆಳೆದುಕೊಂಡು, ಒಬ್ಬೊಬ್ಬರಾಗಿ ತಿರುಗಿದರು.

ಆ ದಿನ ಒಬ್ಬ ಸತ್ತವನಿಗೆ ಎಂಟಡಿ ದಾರಿ ಸಿಕ್ಕಿತು. ಬದುಕಿದ್ದ ಏಳು ಮನೆಗಳಿಗೆ ಇದ್ದ ತಿರುಗಣೆಯ ದಾರಿಯೂ ಹೋಯಿತು.